ಮುಂಗಡ ಸ್ತೋತ್ರದ ಹುಗ್ಗಿ

ಅತ್ತೀ,

ಪತ್ರ ಬರೆಯುವಾಗ ಮೊದಲು ಕ್ಷೇಮ ಕೇಳಬೇಕು ಅಂತ ಹೇಳುತ್ತಿದ್ದವರು ನೀವು. ನೀವಿರುವ ಕಡೆ ಕ್ಷೇಮಕ್ಕೇನೂ ಕೊರತೆ ಇರಲಿಕ್ಕಿಲ್ಲ, ಹಾಗಾಗಿ ಅದನ್ನು ಬಿಡುತ್ತೇನೆ. ಮೊಣಕಾಲು ನೋವು ಹೋಯಿತೇ? ನಿಮ್ಮ ಮಗ ಸಿಕ್ಕರೇ? ಸಿಕ್ಕಿದ್ದರೆ ಅವರನ್ನು ಎದುರಿಗೆ ಕೂರಿಸಿಕೊಂಡು ತಲೆಗೆ ಎಣ್ಣೆ ತಿಕ್ಕುತ್ತಿರುತ್ತೀರಿ, ನನಗೆ ಗೊತ್ತಿಲ್ಲವೇ. ಸಮುವೇಲನ ಮೇಲೆ ನಿನಗಿಂತ ನನ್ನದೇ ಹಕ್ಕು ಜಾಸ್ತಿ ಅಂತ ನನ್ನನ್ನು ರೇಗಿಸುತ್ತಿದ್ದಿರಿ. ಈಗ ನೀವಿಬ್ಬರೂ ಅಲ್ಲಿ, ನಾನೊಬ್ಬಳು ಈ ಬೈಲಹೊಂಗಲದ ಮನೆಯಲ್ಲಿ. ಗೆದ್ದಿರಿ ಬಿಡಿ.

ಅವರನ್ನು ಬೆಳಗಾವಿಯ ಆಸ್ಪತ್ರೆಯಿಂದ ಮನೆಗೆ ಕರೆತಂದ ದಿನ ನೆನಪಾಗುತ್ತದೆ. ಎರಡೂ ಕಿಡ್ನಿ ಕೈಕೊಟ್ಟಿದ್ದವು. ಸವದತ್ತಿ, ಮುರಗೋಡ, ರಾಮದುರ್ಗ ಅಂತ ಟೆಂಪೋ ಓಡಿಸಿಕೊಂಡಿದ್ದ ಮನುಷ್ಯ ಮಂಚದಿಂದ ಬಚ್ಚಲಿಗೆ ಹೋಗಲಾರದೆ ಮಲಗಿದ್ದರು. ಚರ್ಚಿನ ಹೆಣ್ಣುಮಕ್ಕಳು ಪ್ರಾರ್ಥನೆಗೆ ಬಂದರು. ಅವರಲ್ಲಿ ಹಿರಿಯಳೊಬ್ಬಳು, ಬೇಡುವುದು ಸಾಕು, ಗುಣವಾಯಿತು ಅಂತ ನಂಬಿ ಈಗಲೇ ಸ್ತೋತ್ರ ಸಲ್ಲಿಸಿಬಿಡಿ ಎಂದಳು. ಕಾಯಿಲೆ ವಾಸಿಯಾದ ಮೇಲೆ ಎಲ್ಲರನ್ನೂ ಕರೆದು, ದೇವರಿಗೆ ಕೃತಜ್ಞತೆಯ ಸ್ತೋತ್ರ ಹೇಳಿ, ಊಟ ಹಾಕುವುದು ನಮ್ಮಲ್ಲಿ ಇದ್ದದ್ದೇ. ವಾಸಿಯಾಗುವ ಮೊದಲೇ ಯಾರಾದರೂ ಹಾಕುತ್ತಾರೆಯೇ? ನೀವು ಹಾಕಿದಿರಿ. ಗೋಧಿ ನೆನೆಹಾಕಿ, ಕುಟ್ಟಿ, ದೊಡ್ಡ ಬೋಗುಣಿಯ ತುಂಬಾ ಹುಗ್ಗಿ ಮಾಡಿದಿರಿ.

ಆ ಶುಕ್ರವಾರ ಮನೆ ಹೇಗೆ ತುಂಬಿತ್ತು, ಅತ್ತೀ. ಪಕ್ಕದ ಮನೆಯ ಹುಸೇನಬಿ ಒಣಕೊಬ್ಬರಿ ತುರಿದು ತಂದುಕೊಟ್ಟು, ತಲೆಯ ಮೇಲೆ ಸೆರಗು ಹೊದ್ದು ಹೊಸ್ತಿಲ ಬಳಿ ಕುಳಿತಿದ್ದಳು. ನೀವು ಎಂದಿನಂತೆ ಎಲ್ಲರಿಗಿಂತ ಒಂದು ಸಾಲು ಮುಂದೆ ಹಾಡುತ್ತಿದ್ದಿರಿ, ಪಾಸ್ಟರರ ಹೆಂಡತಿ ನಿಮ್ಮ ಹಿಂದೆ ಓಡಿ ಓಡಿ ಸುಸ್ತಾಗಿದ್ದಳು. ನಿಮ್ಮ ಮಗ ಮಲಗಿದಲ್ಲಿಯೇ ಒಂದೆರಡು ಚಮಚ ತಿಂದು, "ಅವ್ವಾ, ಬೆಲ್ಲ ಕಡಿಮಿ ಆಗೇತಿ ನೋಡು," ಅಂದರು. ಎಷ್ಟೋ ದಿನಗಳ ಮೇಲೆ ಎಲ್ಲರೂ ನಕ್ಕೆವು. ಡಬ್ಬಿಯಲ್ಲಿ ಉಳಿದಿದ್ದ ಬೆಲ್ಲ ಮುಗಿಯುವ ಮೊದಲೇ ಅವರು ಹೋಗಿಬಿಟ್ಟರು.

ಮಣ್ಣು ಮಾಡಿ ಬಂದ ಸಂಜೆ ಅದೇ ಹಿರಿಯಳು ಬಾಗಿಲಲ್ಲಿ ನಿಂತು, ನಮ್ಮ ನಂಬಿಕೆ ಸ್ವಲ್ಪ ಕಡಿಮೆಯಾಯಿತು ಅಂತ ಕಾಣುತ್ತದೆ ಎಂದಳು. ನೀವು ನೆಲ ಒರೆಸಲು ಕುಳಿತಿರಿ. ನನಗೆ ಮೈಯೆಲ್ಲ ಉರಿದು ಹೋಯಿತು. ಅವಳು ಹೋದ ಮೇಲೆ ಆ ಬೋಗುಣಿಯನ್ನು ಎತ್ತಿ ಅಟ್ಟದ ಮೇಲಕ್ಕೆ ಬೀಸಿ ಒಗೆದೆ. ನಿಮ್ಮ ದೇವರು ಹುಗ್ಗಿ ಉಂಡು ಕೈತೊಳೆದುಕೊಂಡು ಹೋದ, ಆ ಸ್ತೋತ್ರ ವಾಪಸ್ ಕೇಳಿರಿ ಅಂತ ಕಿರುಚಿದೆ. ನೀವು ನೆಲ ಒರೆಸುತ್ತಲೇ ಹೇಳಿದಿರಿ: "ಕೊಟ್ಟ ಸ್ತೋತ್ರ ಹೊಳ್ಳಿ ಇಸ್ಕೊಳ್ಳಾಕ ಬರತೈತೇನವಾ? ಕೊಟ್ಟಿದ್ದು ಕೊಟ್ಟಂಗ." ಎಂಥ ಕಲ್ಲುಮನಸ್ಸು ಅಂದುಕೊಂಡೆ. ಆಮೇಲೆ ಹಿತ್ತಲಿಗೆ ಹೋದರೆ, ನಲ್ಲಿ ಜೋರಾಗಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ನೀವು ಅಳುತ್ತಿದ್ದಿರಿ.

ಮುಂದಿನ ಶುಭ ಶುಕ್ರವಾರ ನನ್ನನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಚರ್ಚಿಗೆ ಕರೆದೊಯ್ದಿರಿ. ಬಿಸಿಲಿಗೆ ಗೋಡೆಗಳೂ ಕಾದಿದ್ದವು, ಫ್ಯಾನು ಬಿಸಿಗಾಳಿ ಬೀಸುತ್ತಿತ್ತು. ಆರಾಧನೆ ಮುಗಿದು ಮನೆಗೆ ಬರುವಾಗ ನಿಮ್ಮ ಮೊಣಕಾಲು ಹಿಡಿದುಕೊಂಡಿತು. ಬೇವಿನ ಮರದ ಕಟ್ಟೆಯ ಮೇಲೆ ಕುಳಿತೆವು. ಅಲ್ಲಿ ಕೇಳಿದೆ ನಾನು, ಯಾಕೆ ಹೀಗೆ ಮಾಡಿದ ಆ ದೇವರು, ನಿಮಗೇನಾದರೂ ತಿಳಿದಿದೆಯೇ ಅಂತ. ದೊಡ್ಡ ಉತ್ತರ ಬರುತ್ತದೆ ಅಂದುಕೊಂಡಿದ್ದೆ.

"ನನಗೂ ತಿಳದಿಲ್ಲ," ಅಂದಿರಿ. "ಗುಣಾ ಆತು ಅಂತ ಹೇಳಿದ್ದು ನಮ್ಮ ತಪ್ಪು. ದೇವರ ಬಾಯಾಗ ನಾವು ಮಾತು ತುರುಕಿದ್ವಿ. ಆದ್ರ ಸ್ತೋತ್ರ ಹೇಳಿದ್ದು ತಪ್ಪಲ್ಲ. ಶಿಲುಬಿ ಮ್ಯಾಲ ಯೇಸುನೂ ಯಾಕ ಅಂತ ಕೇಳ್ಯಾನ, ಅವಂಗೂ ಉತ್ತರ ಬರಲಿಲ್ಲ. ನೀನೂ ಕೇಳು. ಬೇಕಾದ್ರ ಬೈದು ಕೇಳು. ಬೆನ್ನ ಮಾಡಿ ಕೇಳಬ್ಯಾಡ, ಅವನ ಕಡೆ ಮಾರಿ ಮಾಡಿ ಕೇಳು."

ನಾನು ಸೆರಗಿನಿಂದ ನಿಮಗೆ ಗಾಳಿ ಹಾಕುತ್ತ ಕುಳಿತೆ.

ನಿಮ್ಮ ತವರು ಸುರೇಬಾನಕ್ಕೆ ಹೋಗುವ ದಾರಿಯಲ್ಲಿ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದುದೂ ನೆನಪಾಗುತ್ತದೆ. ಹಣೆಗೆ ಭಂಡಾರ ಹಚ್ಚಿಕೊಂಡು ದೇವಿಯ ಗುಡ್ಡದಿಂದ ಇಳಿದು ಬಂದ ಹೆಂಗಸರಿಗೆ ಸರಿದು ಜಾಗ ಮಾಡಿಕೊಡುತ್ತಿದ್ದಿರಿ. ಸ್ವಲ್ಪ ಹೊತ್ತಿಗೆ ಅವರ ಮಗಳ ಸಂಸಾರ, ಸೊಸೆಯ ಬಾಣಂತನ ಎಲ್ಲ ನಿಮ್ಮ ಕಿವಿಗೆ ಬಿದ್ದಿರುತ್ತಿತ್ತು. ಹುರಿದ ಶೇಂಗಾ ಹಂಚಿಕೊಂಡು ತಿನ್ನುತ್ತಿದ್ದಿರಿ. ಬಸ್ಸಿನಲ್ಲಿ ಕುಳಿತ ಮೇಲೆ ಅವರ ಹೆಸರು ಹೇಳಿ ತುಟಿಯಲ್ಲೇ ಪ್ರಾರ್ಥಿಸುತ್ತಿದ್ದಿರಿ. ಊರಿನ ದುಃಖವನ್ನೆಲ್ಲ ಯಾಕೆ ಮೈಮೇಲೆ ಎಳೆದುಕೊಳ್ಳುತ್ತೀರಿ ಅಂತ ನಾನು ಗೊಣಗುತ್ತಿದ್ದೆ. ಈಗ ಆ ಕಡೆಯ ಬಸ್ಸು ಹತ್ತಿದರೆ ಪಕ್ಕದ ಸೀಟು ನೋಡಲಾಗುವುದಿಲ್ಲ ಅತ್ತೀ. ಯಾರಾದರೂ ಬಂದು ಕುಳಿತರೂ ಖಾಲಿಯೇ ಅನ್ನಿಸುತ್ತದೆ.

ಕೊನೆಯ ದಿನಗಳಲ್ಲಿ ನೀವು ನನ್ನನ್ನು ಕೇಳಿದ್ದು ಒಂದೇ. ವಾರಕ್ಕೊಂದು ಮನೆಯಂತೆ ನಡೆಯುವ ಶುಕ್ರವಾರದ ಪ್ರಾರ್ಥನೆ ನನ್ನ ಹಿಂದೆ ಈ ಮನೆಯಲ್ಲಿ ನಿಲ್ಲಬಾರದು, ನಮ್ಮ ಪಾಳಿ ಬಂದಾಗ ಬಾಗಿಲು ತೆರೆದಿರಲಿ ಅಂದಿರಿ. ನಾನು ದಿಂಬು ಸರಿಮಾಡಿದೆ, ನೀರು ಕುಡಿಸಿದೆ, ಹೂಂ ಅನ್ನಲಿಲ್ಲ. ಮನೆಯೊಡತಿಯೇ ಮೊದಲ ಸ್ತೋತ್ರ ಹೇಳಬೇಕಲ್ಲ, ನನ್ನ ಬಾಯಲ್ಲಿ ಅದು ಎಲ್ಲಿಂದ ಬರಬೇಕು? ನೀವು ಮತ್ತೆ ಕೇಳಲಿಲ್ಲ. ನೀವು ಹೋದ ಮೇಲೆ ಪಾಳಿ ಬಂದಾಗಲೆಲ್ಲ ಬೀಗ ಹಾಕಿಕೊಂಡು ಮುರಗೋಡಿನ ಅಕ್ಕನ ಮನೆಗೆ ಹೋಗಿಬಿಡುತ್ತಿದ್ದೆ. ಪಾಸ್ಟರರ ಹೆಂಡತಿಯೂ ಕೇಳಿ ಕೇಳಿ ಸುಮ್ಮನಾದಳು.

ಈಗ ನಿಮಗೆ ಗೊತ್ತಿಲ್ಲದ ಸುದ್ದಿ. ಹುಸೇನಬಿಯ ಹೃದಯದ ಕವಾಟ ಕೆಟ್ಟಿದೆ, ಆಪರೇಷನ್‌ಗೆ ನಾಡಿದ್ದು ಬೆಳಗಾವಿಯ ಆಸ್ಪತ್ರೆಗೆ ಸೇರಬೇಕು. ಹೋದ ಭಾನುವಾರ ಗೋಡೆ ಹಿಡಿದುಕೊಂಡು ನಡೆದು ಬಂದಳು. ನಿನ್ನ ಅತ್ತಿ ಇದ್ದಿದ್ದರೆ ಕರೆಯುವುದೇ ಬೇಕಿರಲಿಲ್ಲ, ತಾನೇ ಬಂದು ತಲೆಯ ಮೇಲೆ ಕೈ ಇಡುತ್ತಿದ್ದಳು, ಅವಳ ಬದಲಿಗೆ ನೀನು ಇಡು ಅಂದಳು. ಈ ಮನೆಯ ಪ್ರಾರ್ಥನೆ ದೇವರಿಗೆ ಎಷ್ಟು ಕೇಳಿಸುತ್ತದೆ ಅನ್ನುವುದನ್ನು ನೀನೇ ನೋಡಿದ್ದೀಯಲ್ಲ ಅಂದೆ.

"ನೋಡೇನಿ," ಅಂದಳು. "ಗುಣಾ ಮಾಡಸು ಅಂತ ಬಂದಿಲ್ಲವಾ. ದುವಾ ನಾನೂ ಮಾಡೇ ಮಾಡತೇನಿ. ಒಬ್ಬಾಕಿನ ಕುಂತ್ರ ಭಾಳ ಅಂಜಿಕಿ ಬರತೈತಿ."

ಕೈ ಇಟ್ಟೆ. ನಿಮ್ಮ ಹಾಡೂ ಇಲ್ಲ, ಯಾವ ಒಳ್ಳೆಯ ಮಾತೂ ಇಲ್ಲ. ಕೊನೆಗೆ, ಯಾಕೆ ಸ್ವಾಮಿ, ಇವಳಿಗೂ ಯಾಕೆ, ಅಂತ ಜೋರಾಗಿ ಕೇಳಿಬಿಟ್ಟೆ. ಸಮುವೇಲರ ಹೆಸರು ಬಂತು, ನಿಮ್ಮ ಹೆಸರು ಬಂತು. ಉತ್ತರ ಬರಲಿಲ್ಲ ಅತ್ತೀ. ಆದರೆ ನಾನು ಗೋಡೆಗೆ ಮಾತಾಡುತ್ತಿಲ್ಲ, ಯಾರೋ ಎದುರಿಗೆ ಕುಳಿತು ಪೂರ್ತಿ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಅಷ್ಟು ವರ್ಷ ನಿಮ್ಮನ್ನು ಹಿಡಿದು ನಿಲ್ಲಿಸಿದ್ದು ಇದೇ ಏನು? ಇದನ್ನು ನೀವಿದ್ದಾಗಲೇ ಕೇಳಿದ್ದರೆ... ಹುಸೇನಬಿ ಕಣ್ಣು ಮುಚ್ಚಿಕೊಂಡೇ ಆಮೀನ್ ಅಂದಳು. ನಾನೂ ಅಂದೆ.

ನಾಳೆ ಶುಕ್ರವಾರ, ನಮ್ಮ ಪಾಳಿ. ಬರಲು ಹೇಳಿದ್ದೇನೆ. ಪಾಸ್ಟರರ ಹೆಂಡತಿ ಫೋನಿನಲ್ಲಿ ಮತ್ತೆ ಮತ್ತೆ ನಿಜವೇ ಅಂತ ಕೇಳಿದಳು. ಹುಸೇನಬಿ ಅದೇ ಹೊಸ್ತಿಲ ಬಳಿ ಕೂರುತ್ತಾಳಂತೆ. ಗುಣವಾಯಿತು ಅಂತ ನಾನು ಹೇಳುವುದಿಲ್ಲ, ಬೇರೆಯವರು ಹೇಳಲಿಕ್ಕೂ ಬಿಡುವುದಿಲ್ಲ. ಗೋಡೆಯಾಚೆ ಇಷ್ಟು ವರ್ಷ ಅವಳಿದ್ದದ್ದಕ್ಕೆ ಸ್ತೋತ್ರ ಹೇಳುತ್ತೇನೆ. ಶನಿವಾರ ಅವಳ ಜೊತೆ ಬೆಳಗಾವಿಗೆ ಹೋಗುತ್ತೇನೆ. ಅಲ್ಲಿ ಏನೇ ಆಗಲಿ, ಕೊಟ್ಟದ್ದನ್ನು ಹೊಳ್ಳಿ ಕೇಳುವುದಿಲ್ಲ.

ಮಧ್ಯಾಹ್ನ ಅಟ್ಟದಿಂದ ಬೋಗುಣಿ ಇಳಿಸಿದೆ. ನಾನು ಒಗೆದ ದಿನ ಬಿದ್ದ ತಗ್ಗು ಹಾಗೇ ಇದೆ. ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಗೋಧಿ ನೆನೆಹಾಕಿದ್ದೇನೆ. ಈ ಸಲ ಬೆಲ್ಲ ಕಡಿಮೆ ಮಾಡುವುದಿಲ್ಲ ಅಂತ ನಿಮ್ಮ ಮಗನಿಗೆ ಹೇಳಿ.

ನಿಮ್ಮ ಸೊಸೆ,
ಕರುಣಾ