ಶರಾವತಿಯ ಹೆಬ್ಬೆರಳಿನ ಗಂಟು

ಗಂಗೊಳ್ಳಿ,
ಫೆಬ್ರವರಿ 30, 2191

ನಿತೇಶಜ್ಜನಿಗೆ,

ಫೆಬ್ರವರಿಗೆ ಮೂವತ್ತು ದಿನ ಕೊಟ್ಟವರು ನಮ್ಮ ಕಾಲದವರು. ಅದಕ್ಕೂ, ಮುಂದೆ ಬರುವ ವಿಚಿತ್ರ ಪದಗಳಿಗೂ ಕ್ಷಮೆಯಿರಲಿ. ಬೇರೆ ಯಾವುದಕ್ಕೂ ನಾನು ಕ್ಷಮೆ ಕೇಳುವುದಿಲ್ಲ. ನಾನು ಲೋಲಾಕ್ಷಿ, ನಿಮ್ಮ ಮೊಮ್ಮಗಳ ಮರಿಮಗಳು. ಹಿಂದೋಲೆ, ಅಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಪತ್ರ, ಒಬ್ಬರಿಗೆ ಜೀವಮಾನದಲ್ಲಿ ಒಂದೇ ಸಿಗುತ್ತದೆ. ಪ್ರೀತಿಸಿದವರಿಗೆ ಬರೆಯುವುದು ರೂಢಿ. ನನ್ನ ಪಾಲಿನದನ್ನು ನಿಮ್ಮಂಥವರಿಗೆ ಬರೆಯಬೇಕಾಯಿತಲ್ಲ ಎಂದು ಹೊಟ್ಟೆ ಉರಿಯುತ್ತಿದೆ.

ಈಗ ಊರು ಕಂಬಗಳ ಮೇಲಿದೆ, ಕೆಳಗೆ ಕಡಲು. ನನ್ನ ಮಗಳು ಶರಾವತಿ ಪಾಚಿಬಲೆ ಹೆಣೆಯುತ್ತಾಳೆ. ಆ ಬಲೆಗಳ ಮೇಲೆ ಬೆಳೆಯುವ ಪಾಚಿಯೇ ನಮಗೆ ರೊಟ್ಟಿ. ಹೆಬ್ಬೆರಳಿಲ್ಲದೆ ದಾರ ಬಿಗಿಯಲಾಗದು. ಅದೇ ಹೆಬ್ಬೆರಳಿನ ಉಗುರಿನ ಪಕ್ಕ ಎರಡು ವರ್ಷದಿಂದ ಕಡಲೆಕಾಳಿನಷ್ಟು ಗಂಟಿದೆ. ಊರ ವೈದ್ಯೆ ಚೂರು ತೆಗೆದು ಪರೀಕ್ಷಿಸಿ, ಇದು ಫೈಬ್ರೊಮಿಕ್ಸೋಮ, ಬಲು ಅಪರೂಪದ ನಿರುಪದ್ರವಿ ಗಂಟು, ಅಷ್ಟನ್ನೇ ಕೊಯ್ದು ತೆಗೆದರೆ ಸಾಕು ಎಂದರು. ವೈದ್ಯೆಯ ಮಾತಿಗೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ. ಊಟದ ಮನೆಯ ಬಾಗಿಲಲ್ಲಿ ಎಲ್ಲರ ಚರ್ಮ ನೋಡುವ ಯಂತ್ರವೊಂದಿದೆ, ಚರ್ಮದರ್ಶಿ. ಅದು "ಅಪಾಯ" ಎಂದಿತು. ಯಂತ್ರ ಹಾಗೆಂದರೆ ಬೆರಳನ್ನೇ ಕಡಿಯಬೇಕು, ಅದು ಇಲ್ಲಿಯ ನಿಯಮ. "ನೋವೇ ಇಲ್ಲ ಅಲ್ದಾ ಅಮ್ಮ, ಮತ್ತೆಂತಕ್ಕೆ ಕಡಿತ್ರ್?" ಎಂದು ಮಗಳು ದಿನವೂ ಕೇಳುತ್ತಾಳೆ.

ಎಂತಕ್ಕೆಂದು ನಾನು ಹುಡುಕಿ ತೆಗೆದೆ. ಚರ್ಮದರ್ಶಿ ಕಲಿತದ್ದು ನಿಮ್ಮ ಕಾಲದ ಚಿತ್ರಗಳಿಂದ. ಲಕ್ಷಾಂತರ ಚಿತ್ರಗಳಲ್ಲಿ ಈ ಬಗೆಯ ಗಂಟಿನದು ಒಂದೇ ಒಂದು, ಮತ್ತು ಅದಕ್ಕೆ ಅಪಾಯವೋ ಅಲ್ಲವೋ ಎಂಬ ಗುರುತು ಹಾಕಿದವರು ಕುಂದಾಪುರದ ಕಚೇರಿಯೊಂದರಲ್ಲಿ ಕೂತ ನಿತೇಶ್ ಮೊಗವೀರ. ನಿರುಪದ್ರವಿ ಎಂದು ಡಾಕ್ಟರು ಬರೆದ ಟಿಪ್ಪಣಿ ಚಿತ್ರದ ಕೆಳಗೇ ಇತ್ತು. ನೀವು ತೆರೆಯಲಿಲ್ಲ. ಏಳು ಸೆಕೆಂಡಿನಲ್ಲಿ "ಅಪಾಯ" ಒತ್ತಿ ಚಹಾಕ್ಕೆ ಎದ್ದಿರಿ. ನೋಡಲು ವಿಕಾರವಾಗಿತ್ತು, ಅಷ್ಟೇ ತಾನೆ? ಗೊತ್ತಿಲ್ಲದಿದ್ದರೆ ಅಪಾಯ ಎಂದುಬಿಡುವುದೇ ಕ್ಷೇಮ ಎಂದುಕೊಂಡಿರಿ. ಯಾರಿಗೆ ಕ್ಷೇಮ, ಮಹಾ ಜಾಣರೇ? ನಿಮ್ಮ ರಕ್ತ ನನ್ನ ಮೈಯಲ್ಲಿದೆ ಎಂದು ನೆನೆದರೇ ನನಗೆ ಅಸಹ್ಯವಾಗುತ್ತದೆ.

ಈ ಓಲೆ ನಿಮ್ಮ ಕೈಸೇರುವುದು ಅದೇ ದಿನ, ನೀವು ಚಹಾ ಮುಗಿಸಿ ಮರಳುವ ಹೊತ್ತಿಗೆ. ಸಂಜೆ ಐದರ ತನಕ ಗುರುತು ಬದಲಿಸಲು ಅವಕಾಶವಿದೆ. ಕುರ್ಚಿಯಲ್ಲಿ ಕೂತು ಆ ಟಿಪ್ಪಣಿ ಓದಿ, ತಿದ್ದಿ. ನನ್ನಿಂದ ಧನ್ಯವಾದ ನಿರೀಕ್ಷಿಸಬೇಡಿ.

ನಾಳೆ ಬೆಳಿಗ್ಗೆ ಹತ್ತಕ್ಕೆ ಶರಾವತಿಯನ್ನು ಕರೆದಿದ್ದಾರೆ. ಕಡಿಯುವಾಗ ಕೈ ಅಲುಗದಂತೆ ಹೆತ್ತವರೇ ಹಿಡಿದುಕೊಳ್ಳಬೇಕು ಎನ್ನುವುದು ನಮ್ಮಲ್ಲಿಯ ಕಾನೂನು. ಅವಳಿಗೆ ಅಪ್ಪನಿಲ್ಲ.

ಲೋಲಾಕ್ಷಿ