ಮೂರನೆಯ ಪ್ರತಿ ನಿಮ್ಮ ಅಕ್ಕನ ಮನೆಯಲ್ಲಿರಲಿ

ಗದಗ
ಫೆಬ್ರವರಿ ೩೦, ೨೨೧೪

ಪೂಜ್ಯ ಶಿವಯೋಗಿ ಅಜ್ಜನವರಿಗೆ, ನಿಮ್ಮ ಮನೆತನದ ನೀಲಗಂಗಾ ಮಾಡುವ ಶರಣು.

ತಾರೀಖು ತಪ್ಪಿ ಬರೆದಿಲ್ಲ. ತಿಂಗಳುಗಳನ್ನು ಆದಷ್ಟು ಸರಿಸಮ ಮಾಡಿ ನಮ್ಮಲ್ಲಿ ತಲೆಮಾರುಗಳೇ ಕಳೆದವು. ಹೆಚ್ಚುಕಡಿಮೆ ಕಂಡರೆ ನಮ್ಮ ಕಾಲದವರಿಗೆ ಆಗಿಬರುವುದಿಲ್ಲ. ನಿಮ್ಮನ್ನು ಅಜ್ಜ ಎಂದದ್ದಕ್ಕೂ ಕ್ಷಮೆಯಿರಲಿ, ನಿಮಗಿನ್ನೂ ಕೂದಲು ನೆರೆತಿರಲಿಕ್ಕಿಲ್ಲ. ನನ್ನ ಬರಹದಲ್ಲಿ ನಿಮಗೆ ಹೊಸದೆನಿಸುವ ಮಾತುಗಳನ್ನು ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಇಂಥ ಪತ್ರಕ್ಕೆ ನಾವು ಹಿಂದೋಲೆ ಎನ್ನುತ್ತೇವೆ, ಅಂದರೆ ತೀರಿಹೋದವರಿಗೆ ಅವರು ಬದುಕಿದ್ದ ಕಾಲಕ್ಕೆ ಕಳಿಸುವ ಓಲೆ. ಜೀವಮಾನದಲ್ಲಿ ಒಂದನ್ನೇ ಬರೆಯಬಹುದು. ಮುಟ್ಟಿತೆಂದು ಯಾರಿಗೂ ಉತ್ತರ ಬಂದದ್ದಿಲ್ಲ. ಹೆಚ್ಚಿನವರು ಇದರಲ್ಲಿ ಮನೆತನದ ಹೆಮ್ಮೆ ಬರೆಯುತ್ತಾರೆ. ನನಗೆ ಬರೆಯಲು ನಾಚಿಕೆಯೊಂದೇ ಇದೆ.

ನೀವೀಗ ಊಟದ ಮೇಜಿನ ಮೇಲೆ ನಾಲ್ಕು ಹಾರ್ಡ್ ಡಿಸ್ಕಿನ ಪೆಟ್ಟಿಗೆ ಇಟ್ಟುಕೊಂಡು, ಸಿನಿಮಾಗೆಷ್ಟು ಜಾಗ, ಹಾಡಿಗೆಷ್ಟು, ಮನೆಯ ವಿಡಿಯೊಗೆಷ್ಟು ಎಂದು ತಲೆ ಕೆಡಿಸಿಕೊಂಡಿದ್ದೀರಿ. ಆ ದಿನದ ಕಥೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ನಿಮ್ಮ ಹೆಂಡತಿ ಬಾಗಿಲಲ್ಲಿ ನಿಂತು, “ಇಷ್ಟೆಲ್ಲಾ ಯಾವಾಗ ನೋಡಾವ್ರು ನೀವು? ಇನ್ನೊಂದು ಜನ್ಮ ಎತ್ತಿ ಬರ್ತೀರೇನು?” ಎಂದು ನಗಾಡಿದರಂತೆ. ನೀವು ಸಿಟ್ಟಿಗೆದ್ದು ಸಿನಿಮಾಗಳಿಗೆ ಇನ್ನಷ್ಟು ಜಾಗ ಕೊಟ್ಟಿರಂತೆ. ಆದರೂ ಒಂದು ಕೆಲಸ ಚೆನ್ನಾಗಿ ಮಾಡಿದಿರಿ. ಒಂದು ಡಿಸ್ಕ್ ಕೆಟ್ಟರೂ ಇನ್ನೊಂದರಲ್ಲಿ ಉಳಿಯಲೆಂದು, ಮನೆಯ ವಿಡಿಯೊಗಳನ್ನೆಲ್ಲ ಎರಡೆರಡು ಕಡೆ ಇಟ್ಟಿರಿ.

ಅವುಗಳಲ್ಲಿ ಒಂದರಲ್ಲಿ ನಿಮ್ಮ ಅವ್ವ ಚನ್ನಬಸವ್ವ ರೊಟ್ಟಿ ಬಡಿಯುತ್ತಿದ್ದಾರೆ. ನೀವು ಫೋನ್ ಹಿಡಿದು ಹತ್ತಿರ ಹೋಗುತ್ತೀರಿ. “ಅದನ್ನ ಅತ್ತಾಗ ಇಡಪಾ, ರೊಟ್ಟಿ ಹೊತ್ತತಾವ. ಉಂಡಿ ಇಲ್ಲೋ? ಬಾ, ಬಿಸಿದೈತಿ, ಒಂದರ ತಿನ್ನು.” ಅಷ್ಟೇ. ಅದನ್ನು ನೀವು ಮತ್ತೆ ತೆರೆದು ನೋಡಿದ್ದೀರೋ ಇಲ್ಲವೋ ಗೊತ್ತಿಲ್ಲ. ನಮ್ಮ ಆಯಿ, ಅಂದರೆ ನನ್ನ ಅಜ್ಜಿ ಗುರುಸಿದ್ಧವ್ವ, ದಿನಾ ನೋಡುತ್ತಿದ್ದರು. ಅವರು ಹಸುಗೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ಉಂಡೆಯಾ ಎಂದು ಅವರನ್ನು ಅಕ್ಕರೆಯಿಂದ ಕೇಳಿದ ಮೊದಲ ಹೆಂಗಸು ನಿಮ್ಮ ಅವ್ವ. ಇಲ್ಲಿ ಸಂಜೆ ಕಪ್ಪತಗುಡ್ಡದ ಕಡೆಯಿಂದ ಗಾಳಿ ಏಳುತ್ತದೆ. ಊರಿನ ಯಂತ್ರಗಳೆಲ್ಲ ಓಡುವುದು ಆಗಲೇ, ಅದಕ್ಕೇ ಅದನ್ನು ಗಾಳಿಹೊತ್ತು ಎನ್ನುತ್ತೇವೆ. ಗಾಳಿಹೊತ್ತಿಗೆ ಆಯಿ ಮುಖ ತೊಳೆದು, ಸೆರಗು ಸರಿಮಾಡಿಕೊಂಡು, ಪರದೆಯ ಮುಂದೆ ಕೂರುವರು. ಚನ್ನಬಸವ್ವ ಕೇಳಿದ ಕೂಡಲೇ, “ಉಂಡೇನ್ರೀ ಯವ್ವಾ, ಹೊಟ್ಟಿ ತುಂಬೇತಿ” ಎನ್ನುವರು. ಚಿಕ್ಕವಳಿದ್ದಾಗ ನಾನು ಇದನ್ನು ನೋಡಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ.

ಈಗ ನಮ್ಮ ಕಾಲದ ಒಂದು ಪದ್ಧತಿ ಹೇಳಬೇಕು. ನಿಮ್ಮ ಪೆಟ್ಟಿಗೆಯ ಜಾಗದಲ್ಲಿ ನಮಗಿರುವುದು ನೆನಪುಗಣಜ. ಎಲ್ಲ ಮನೆಗಳಿಗೂ ಒಂದೇ ಅಳತೆಯದು, ಒಂದು ಗುಂಜಿ ಹೆಚ್ಚಿಲ್ಲ. ಹೊಸ ಕೂಸು ಬಂದರೆ ತೊಟ್ಟಿಲಿಗೆ ಹಾಕುವ ದಿನ ಅದರ ಪಾಲಿನ ಜಾಗ ತೆರವು ಮಾಡಬೇಕು. ಇದಕ್ಕೆ ಜಾಗಬಿಡಿಕೆ ಎಂದು ಹೆಸರು. ಓಣಿಯವರೆಲ್ಲ ಸೇರುತ್ತಾರೆ, ಗೋಧಿ ಹುಗ್ಗಿ ಉಣ್ಣುತ್ತಾರೆ, ತಾಯಿಯಾದವಳು ಎಲ್ಲರೆದುರು ಹಳೆಯದೊಂದನ್ನು ಅಳಿಸುತ್ತಾಳೆ. ನಿಮ್ಮ ಸಿನಿಮಾಗಳು ಹೀಗೆ ಒಂದೊಂದು ಕೂಸಿಗೆ ಒಂದಿಷ್ಟರಂತೆ ಎಂದೋ ಖಾಲಿಯಾದವು. ನನ್ನ ಮಗಳ ಸರದಿ ಬಂದಾಗ ಉಳಿದಿದ್ದು ಮನೆಯ ವಿಡಿಯೊ, ಗಣಜದ ಎರಡು ಕೋಣೆಗಳಲ್ಲಿ, ನೀವು ಇಟ್ಟಂತೆಯೇ. ಓಣಿಯ ಸಂಗವ್ವ ಹುಗ್ಗಿ ಬಡಿಸಿಕೊಳ್ಳುತ್ತ, “ನಿಮ್ಮನ್ಯಾಗ ಎಲ್ಲಾ ಎರಡೆರಡು ಅದಾವಂತಲ್ಲ. ಭಾಳ ದೊಡ್ಡ ಮಂದಿ ಬಿಡವಾ ನೀವು” ಎಂದಳು. ಎಲ್ಲರೂ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆಯಿ ನನ್ನ ಕೈ ಹಿಡಿದು, “ಇರ್ಲಿ ಬಿಡವಾ. ಹಿರೇರು ಸುಮ್ಮನ ಎರಡು ಇಟ್ಟಿರಾಂಗಿಲ್ಲ” ಎಂದರು. ಎರಡೂ ಒಂದೇ ಎಂದು ತೋರಿಸಲು ನಾನು ಎರಡನ್ನೂ ಕೂಡಿಸಿ ಹಚ್ಚಿದೆ. ಇಬ್ಬರು ಚನ್ನಬಸವ್ವ ಒಟ್ಟಿಗೆ, ಒಂದೇ ಉಸಿರಿನಲ್ಲಿ, ಉಂಡಿ ಇಲ್ಲೋ ಎಂದರು. ಮಂದಿ ಚಪ್ಪಾಳೆ ತಟ್ಟಿದರು. ನಾನು ಒಂದು ಕೋಣೆಯನ್ನು ಅಳಿಸಿ, ತಲೆಯೆತ್ತಿಕೊಂಡು ಕೂತೆ.

ಮುಂದಿನ ಬೇಸಿಗೆಯಲ್ಲಿ ಉಳಿದ ಕೋಣೆ ಕೆಟ್ಟಿತು. ಬೆಂಕಿ ಬೀಳಲಿಲ್ಲ, ಕಳ್ಳರು ಬರಲಿಲ್ಲ, ಯಂತ್ರ ಕೆಡುವಂತೆ ಸುಮ್ಮನೆ ಕೆಟ್ಟಿತು. ರಿಪೇರಿಯವರು ಬಂದು ನೋಡಿ, ಇದರ ಜೋಡಿ ಎಲ್ಲಿ ಎಂದು ಕೇಳಿದರು. ಅಜ್ಜ, ಆವತ್ತು ಎರಡಿದೆಯೆಂದು ನಾಚಿದೆ. ಈಗ ಒಂದೂ ಇಲ್ಲವೆಂದು ನಾಚುತ್ತಿದ್ದೇನೆ. ಎರಡರಲ್ಲಿ ಮೊದಲನೆಯದೇ ಹೆಚ್ಚು ನಾಚಿಕೆಗೇಡು.

ಆಯಿಗೆ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಪರದೆ ಕೆಟ್ಟಿದೆ, ದನಿ ಮಾತ್ರ ಬರುತ್ತದೆ ಎಂದೆ. ಗಾಳಿಹೊತ್ತಿಗೆ ಪಡಸಾಲೆಯ ಗೋಡೆಯ ಹಿಂದೆ ನಿಂತು, ನಿಮ್ಮ ಅವ್ವನ ದನಿ ತೆಗೆದು, ಅದೇ ಮಾತುಗಳನ್ನು ನಾನೇ ಹೇಳತೊಡಗಿದೆ. ರೊಟ್ಟಿಯ ಸದ್ದಿಗೆ ತೊಡೆ ತಟ್ಟಿಕೊಳ್ಳುತ್ತಿದ್ದೆ. ಆಯಿ ಎಂದಿನಂತೆ ಉತ್ತರ ಕೊಡುತ್ತಿದ್ದರು. ಸಾಧಿಸಿದೆ ಎಂದುಕೊಂಡೆ. ನಿನ್ನೆ, ಉಂಡೇನ್ರೀ ಯವ್ವಾ ಎಂದವರು ಮೆಲ್ಲಗೆ ಕೇಳಿದರು: “ನೀ ಉಂಡಿ ಏನವಾ, ನೀಲಾ?”

ಎಂದಿನಿಂದ ಗೊತ್ತಿತ್ತೋ. ಬಹುಶಃ ಮೊದಲ ದಿನದಿಂದಲೇ. ನಾನು ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟೆ.

ಅದಕ್ಕೇ ಕೈಮುಗಿದು ಕೇಳುತ್ತೇನೆ. ಸಿನಿಮಾಗಳನ್ನು ನಿಮಗೆ ತಿಳಿದಂತೆ ಮಾಡಿ, ಅವು ಬೇರೆಯವರ ಮನೆಯಲ್ಲೂ ಇರುತ್ತವೆ. ಅವ್ವನ ರೊಟ್ಟಿಯದನ್ನು ಮಾತ್ರ ಇನ್ನೊಂದು ಡಿಸ್ಕಿಗೆ ಹಾಕಿ, ಹುಬ್ಬಳ್ಳಿಯಲ್ಲಿರುವ ನಿಮ್ಮ ಅಕ್ಕನಿಗೆ ಕೊಟ್ಟುಬಿಡಿ. ಒಂದೇ ಮನೆಯಲ್ಲಿದ್ದರೆ ನಾಲ್ಕು ಮಂದಿಯ ನಗುವಿಗೆ ಹೆದರಿದ ಒಬ್ಬಳು ಸಾಕು, ಎಲ್ಲ ಹೋಗುತ್ತದೆ. ಅಕ್ಕನ ಮನೆಯಲ್ಲಿದ್ದರೆ, ಎಷ್ಟೇ ತಲೆ ತಗ್ಗಿಸಿಕೊಂಡಾದರೂ ಅವರ ವಂಶದವರ ಬಾಗಿಲಿಗೆ ಹೋಗಿ ಬೇಡಿ ತರುತ್ತೇನೆ.

ಗಾಳಿ ಏಳುತ್ತಿದೆ. ಆಯಿ ಮುಖ ತೊಳೆಯುವ ಸದ್ದು ಕೇಳುತ್ತಿದೆ. ಇವತ್ತು ಗೋಡೆಯ ಹಿಂದೆ ಹೋಗುವುದಿಲ್ಲ. ಎದುರಿಗೆ ಕೂತು, ನನ್ನ ದನಿಯಲ್ಲೇ, ಉಂಡ್ರೇನ್ರಿ ಆಯಿ ಎಂದು ಕೇಳುತ್ತೇನೆ.

ನಿಮ್ಮ ಮನೆಯ ಮಗಳು,
ನೀಲಗಂಗಾ