ನಕ್ಕವಳು ನಾನೇ

ಮಾರ್ಚ್ 11, ಸೋಮವಾರ

ಆಸ್ಪತ್ರೆ ಗೋಡೆಗೆ ನೋಟಿಸ್ ಮೂರನೇ ಸಲ ಅಂಟಿಸಿದೆ. ‘ಕುಡಿತ ಬಿಡಬೇಕೆ? ಫೋನ್ ಮಾಡಿ.’ ಕೆಳಗೆ ನನ್ನ ನಂಬರು. ಹಿಂದಿನ ಎರಡನ್ನೂ ಡಾಕ್ಟರೇ ಕೀಳಿಸಿದ್ದರು. ಈ ಸಲ ಗೋಂದು ಧಾರಾಳವಾಗಿ ಬಳಿದಿದ್ದೇನೆ. ಕೀಳಬೇಕಾದರೆ ಗೋಡೆಯ ಸುಣ್ಣವೂ ಬರಬೇಕು.

“ಸಿಸ್ಟರ್, ಊರ ಕುಡುಕರೆಲ್ಲ ಇಲ್ಲೇ ಬಂದು ಬೀಳ್ತಾರೆ.”

“ಚರಂಡೀಲಿ ಬೀಳೋ ಬದಲು ಇಲ್ಲೇ ಬೀಳಲಿ ಬಿಡಿ ಸಾರ್. ಮಂಚ ಆದ್ರೂ ಇದೆ.”

ಕುಡಿತ ಬಿಡಿಸುವುದು ಹೇಗೆ ಎಂಬ ಆನ್‌ಲೈನ್ ಕ್ಲಾಸು ಬುಧವಾರ ಬುಧವಾರ. ನಮ್ಮ ಆಸ್ಪತ್ರೆಯಿಂದ ನಾನೊಬ್ಬಳೇ. ಮೂವತ್ತೆರಡು ಜನರಲ್ಲಿ ಮುಖ ಕಾಣುವುದು ಐವರದ್ದು. ಮಿಕ್ಕವರದ್ದು ಹೆಸರು ಮಾತ್ರ... ಹಾಜರಿಗೆ ಅಷ್ಟು ಸಾಕಲ್ಲವೇ? ಪಾಠ ಮಾಡುವ ಮೇಡಂ ಹೇಳಿದ್ದಾರೆ — ಕುಡುಕರ ಹಾಗೆ ನಟಿಸುವವರು ಅಭ್ಯಾಸಕ್ಕೆಂದು ಫೋನ್ ಮಾಡುತ್ತಾರೆ, ಸಿದ್ಧವಾಗಿರಿ ಅಂತ. ಮಾಡಲಿ. ನಮ್ಮಜ್ಜಿಯ ಕತೆಗಳಲ್ಲಿ ವೇಷ ಮರೆಸಿಕೊಂಡ ರಾಜನನ್ನು ಹಿಡಿಯುತ್ತಿದ್ದುದು ಮಂತ್ರಿಯಲ್ಲ, ಸೂಲಗಿತ್ತಿ.

ಮಾರ್ಚ್ 12, ಮಂಗಳವಾರ. ಮಧ್ಯಾಹ್ನ 2

ಬಂತು ಫೋನು! ಊಟದ ಡಬ್ಬಿ ತೊಳೆಯುತ್ತಿದ್ದೆ. ಗಂಡಸು. ಟೈಲರಂತೆ. ಇಪ್ಪತ್ತು ವರ್ಷದ ಕುಡಿತ. ಬೆಳಿಗ್ಗೆ ಒಂದು ಗುಟುಕು ಬೀಳದಿದ್ದರೆ ಸೂಜಿಗೆ ದಾರ ಪೋಣಿಸಲು ಕೈ ನಿಲ್ಲುವುದಿಲ್ಲವಂತೆ. “ಮಗಳು ಮಾತು ಬಿಟ್ಟಿದ್ದಾಳೆ ಸಿಸ್ಟರ್” ಅಂತ ಅಳು. ನಡುನಡುವೆ ಬಿಕ್ಕಳಿಕೆ. ಎಂಥಾ ಪಾರ್ಟು! ನಗು ತಡೆಯಲಾಗಲಿಲ್ಲ.

“ಅಳೋದು ಸ್ವಲ್ಪ ಜಾಸ್ತಿ ಆಯ್ತು ಸಾರ್. ಬಿಕ್ಕಳಿಕೆ ಮಾತ್ರ ಫಸ್ಟ್ ಕ್ಲಾಸ್.”

ಅಳು ತಟ್ಟನೆ ನಿಂತಿತು. ಆಮೇಲೆ — “ನಗ್ತೀರಾ? ನಗಿ. ಈ ಕ್ಷಣದಿಂದ ಒಂದು ಹನಿ ಮುಟ್ಟಲ್ಲ, ನೋಡ್ತಿರಿ.” ಕಟ್.

ಹಿಡಿದೆ ನೋಡು ವೇಷಗಾರನನ್ನ!

ಮಾರ್ಚ್ 13, ಬುಧವಾರ. ಸಂಜೆ 5

ಕ್ಲಾಸಿನಲ್ಲಿ ಜಂಬದಿಂದ ನಾನೇ ಬಾಯಿ ಬಿಟ್ಟೆ. ಫೋನ್ ಬಂತು, ನಟ ಅಂತ ಗುರುತು ಹಿಡಿದೆ ಅಂತ. ಮೇಡಂ ಕನ್ನಡಕ ತೆಗೆದರು.

“ಸಿಸ್ಟರ್, ನಾವಿನ್ನೂ ಯಾರಿಗೂ ಫೋನ್ ಮಾಡಿಸಿಲ್ಲ. ಮುಂದಿನ ವಾರ ಶುರು.”

ಆಮೇಲೆ ಇವತ್ತಿನ ಪಾಠ. ದಿನವೂ ವಿಪರೀತ ಕುಡಿಯುವವರು ಔಷಧಿ ಇಲ್ಲದೆ ಹಠಾತ್ತನೆ ನಿಲ್ಲಿಸಿದರೆ ಎರಡು ಮೂರು ದಿನದೊಳಗೆ ಫಿಟ್ಸ್ ಬರಬಹುದು. ಭ್ರಮೆ ಬರಬಹುದು. ಜೀವವೇ ಹೋಗಬಹುದು.

ಒಂದು ಹನಿ ಮುಟ್ಟಲ್ಲ ಅಂದಿದ್ದ...

ಹನ್ನೊಂದು ಸಲ ಫೋನ್ ಮಾಡಿದೆ. ಸ್ವಿಚ್ ಆಫ್. ಡಾಕ್ಟರಿಗೆ ಹೇಳಿದೆ.

“ರಿಜಿಸ್ಟರಲ್ಲಿ ರಾಂಗ್ ನಂಬರ್ ಅಂತ ಬರೆದುಬಿಡಿ. ಚೀಟಿ ಮಾಡಿಸಿಲ್ಲ, ನಮ್ಮ ರೋಗಿ ಅಲ್ಲ.”

“ನಂಬರ್ ರಾಂಗ್ ಅಲ್ಲ ಸಾರ್. ಎತ್ತಿದವಳು ರಾಂಗು.”

ಬರೆಯಲಿಲ್ಲ. ಬರೆಯುವುದೂ ಇಲ್ಲ. ಈಗ ಹೊರಟೆ. ಊರಲ್ಲಿ ಟೈಲರುಗಳು ಎಷ್ಟು ಜನ? ಹತ್ತೋ, ಇಪ್ಪತ್ತೋ...

ಮಾರ್ಚ್ 14, ಗುರುವಾರ. ಮಧ್ಯಾಹ್ನ 3

ನಿನ್ನೆ ಒಂಬತ್ತು ಅಂಗಡಿ ಸುತ್ತಿದೆ. “ನೀವು ಕುಡಿತೀರಾ?” ಅಂದರೆ ಹೌದು ಅನ್ನುವವರು ಯಾರು? ಒಬ್ಬ ಕತ್ತರಿ ತೋರಿಸಿದ. ಬೆಳಿಗ್ಗೆ ಅತ್ತೆ ಬೈದರು — “ತೆರೆದ ಅಂಗಡೀಲಿ ಹುಡುಕ್ತೀಯಲ್ಲೇ ಪೆದ್ದಿ! ಕೈ ನಡುಗೋನು ಅಂಗಡಿ ತೆಗೀತಾನಾ?”

ಮುಚ್ಚಿದ ಅಂಗಡಿ ಒಂದೇ ಒಂದು. ಬಸ್ ನಿಲ್ದಾಣದ ಹಿಂದಿನ ಗಲ್ಲಿ. ಪಕ್ಕದಲ್ಲಿ ಬೀಗ ರಿಪೇರಿಯವನು.

“ಒಳಗೇ ಇದ್ದಾನೆ. ಮೊನ್ನೆ ಬಾಟಲಿ ಎಲ್ಲ ಮೋರಿಗೆ ಸುರಿದು ಹೋಗಿ ಕೂತ. ಬಾಗಿಲೇ ತೆಗೀತಿಲ್ಲ.”

“ನೀನು ಬೀಗದವನು ತಾನೆ? ತೆಗಿ.”

“ಪೊಲೀಸರು ಬಂದ್ರೆ?”

“ನನ್ನ ಹೆಸರು ಹೇಳು.”

ಮೂಲೆಯಲ್ಲಿ ಕೂತಿದ್ದ. ಬೆವರಲ್ಲಿ ತೊಯ್ದು ತೊಪ್ಪೆಯಾಗಿದ್ದ. ತೊಡೆಯ ಮೇಲಿನ ಇರುವೆ ಕೊಡವುತ್ತಲೇ ಇದ್ದ. ಒಂದು ಇರುವೆಯೂ ಇರಲಿಲ್ಲ.

ಬೀಗದವನೂ ನಾನೂ ಹೊತ್ತು ತಂದೆವು. ಡಾಕ್ಟರ್ ಬಾಗಿಲಲ್ಲೇ ತಡೆದರು. “ದೊಡ್ಡಾಸ್ಪತ್ರೆಗೆ ಕಳಿಸಿ.”

“ಕಳಿಸೋಣ ಸಾರ್. ಆಂಬುಲೆನ್ಸ್ ಬರೋಕೆ ಎರಡು ಗಂಟೆ. ಅಲ್ಲಿವರೆಗೆ ಏನು, ಇವರ ಜೊತೆ ಇರುವೆ ಎಣಿಸೋಣವಾ?”

ಮೇಡಂಗೆ ಫೋನ್ ಹಚ್ಚಿ ಡಾಕ್ಟರ ಕೈಗೇ ಕೊಟ್ಟೆ. ಗೊಣಗುತ್ತಲೇ ಕೇಳಿಸಿಕೊಂಡರು. ಆದರೆ ಇಂಜೆಕ್ಷನ್ ಅವರೇ ಕೊಟ್ಟರು — ಅದನ್ನೂ ಬರೆಯಬೇಕು. ಮೊದಲು ವಿಟಮಿನ್, ಆಮೇಲೆ ಗ್ಲೂಕೋಸ್, ಅಂತ ಮೇಡಂ ಎರಡು ಸಲ ಹೇಳಿದರು. ಆಂಬುಲೆನ್ಸಿಗೆ ಹತ್ತಿಸುವಾಗ ನಿದ್ದೆಯಲ್ಲಿದ್ದ.

ಬದುಕುತ್ತಾನಾ? ಬದುಕಲೇಬೇಕು.

ಮಾರ್ಚ್ 26, ಮಂಗಳವಾರ

ಬಂದ! ತನ್ನ ಕಾಲ ಮೇಲೆ ನಡೆದುಕೊಂಡು ಬಂದ. ಗಡ್ಡ ಹೆರೆದಿದ್ದ. ಜೊತೆಗೆ ಮಗಳು, ಕಾಲೇಜಿನವಳು. ಅಪ್ಪನ ಹತ್ತಿರ ಮಾತು ಇನ್ನೂ ಇಲ್ಲ. ಮಾತ್ರೆಯ ಚೀಟಿ ಮಾತ್ರ ಅವಳ ಕೈಯಲ್ಲಿ.

ಕೈ ಮುಗಿದ. “ಆವತ್ತು ಫೋನಲ್ಲಿ ನಿಮ್ಮೋರು ಯಾರೋ ನಕ್ಕರು ಸಿಸ್ಟರ್. ಆ ಸಿಟ್ಟಿಗೇ ಎಲ್ಲ ಚೆಲ್ಲಿಬಿಟ್ಟೆ. ಬಾಗಿಲು ತೆಗೆಸಿ ಉಳಿಸಿದ ತಾಯಿ ನೀವು.”

ಡಾಕ್ಟರ್ ನನಗೆ ಕಣ್ಸನ್ನೆ ಮಾಡಿದರು. ಸುಮ್ಮನಿರು ಅಂತ.

“ನಕ್ಕವಳೂ ನಾನೇ” ಅಂದೆ.

ಮುಗಿದ ಕೈ ಹಾಗೇ ನಿಂತಿತು. ಮಾತಾಡಿದ್ದು ಮಗಳು. “ಅಪ್ಪ ಸತ್ತೋಗಿದ್ರೆ?”

“ತಪ್ಪು ನಂದೇ ಆಗ್ತಿತ್ತಮ್ಮ.”

ಅವನ ಕೈ ಹಿಡಿದು ಎಳೆದುಕೊಂಡು ಹೋದಳು.

ಮಾರ್ಚ್ 27, ಬುಧವಾರ. 2.50

ಇವತ್ತು ಕ್ಲಾಸಿನಲ್ಲಿ ಒಬ್ಬ ರೋಗಿಯ ಕೇಸು ಹೇಳುವ ಸರದಿ ನನ್ನದು. ಡಾಕ್ಟರ್ ಬೆಳಿಗ್ಗೆಯಿಂದ ಬೆನ್ನು ಹತ್ತಿದ್ದಾರೆ. ‘ಮನೆ ಭೇಟಿಯಲ್ಲಿ ಪತ್ತೆಯಾದ ರೋಗಿ’ ಅಂತ ಹೇಳಬೇಕಂತೆ.

“ಆಸ್ಪತ್ರೆ ಮರ್ಯಾದೆ ಸಿಸ್ಟರ್.”

“ಮುಚ್ಚಿಟ್ರೆ ನಾಳೆ ಇನ್ನೊಬ್ಬರು ಹೀಗೇ ನಗ್ತಾರೆ ಸಾರ್.”

“ಕ್ಲಾಸಿನ ಸರ್ಟಿಫಿಕೇಟ್ ಕೈ ಬಿಟ್ಟು ಹೋಗುತ್ತೆ.”

“ಹೋಗ್ಲಿ. ಅದೇನು ಫಿಟ್ಸ್ ನಿಲ್ಲಿಸುತ್ತಾ?”

ಎದುರು ಬೆಂಚಿನ ಮೇಲೆ ಅಪ್ಪ, ಮಗಳು. ನಾನು ಕರೆದಿರಲಿಲ್ಲ; ನಿನ್ನೆ ರಾತ್ರಿ ಫೋನ್ ಮಾಡಿ ಕೇಸು ಹೇಳಲು ಒಪ್ಪಿಗೆ ಕೇಳಿದ್ದೆ, ಅಷ್ಟೇ. “ಹೇಳಿ ಸಿಸ್ಟರ್, ನನ್ನದೇನೂ ಅಡ್ಡಿ ಇಲ್ಲ” ಅಂದ ಅವನು. ಮಗಳು ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಾಳೆ.

“ಪೂರ್ತಿ ಹೇಳ್ತೀರೋ ಇಲ್ವೋ, ನೋಡ್ಕೊಂಡು ಹೋಗೋಕೆ ಬಂದೆ.”

ನೋಡಲಿ. ಪರದೆಯ ಮೇಲೆ ಒಂದೊಂದೇ ಹೆಸರು ಮೂಡುತ್ತಿದೆ. ಮೇಡಂ ಬಂದರು. ನನ್ನನ್ನೇ ಕರೆಯುತ್ತಿದ್ದಾರೆ. ಎಲ್ಲಿಂದ ಶುರು? ನಗುವಿನಿಂದಲೇ. ಮೇಡಂ, ಆವತ್ತು ನಾನು—